ಎಲೆ ಕಲ್ಲಿಗೆ ಬೀಳುವ ತನಕ

ಬಾಟನಿಯಲ್ಲಿ ಡಿಗ್ರಿ ಮಾಡಿದ ನನಗೆ ಗಿಡಗಳ ಗುರುತು ಸಿಗುವುದಿಲ್ಲ. ಇದನ್ನು ನನ್ನ ಡೈರಿಯಲ್ಲಲ್ಲದೆ ಬೇರೆಲ್ಲೂ ಒಪ್ಪಿಕೊಂಡಿಲ್ಲ. ಹಾಳೆಗೆ ಅಂಟಿಸಿ ಒಣಗಿಸಿದ ಎಲೆಯಾದರೆ ಕೆಳಗೆ ಹೆಸರು ಬರೆದಿರುತ್ತದೆ, ಓದಿ ಹೇಳಬಹುದು. ಮುಂಬಯಿಯ ದಹಿಸರ್‌ನ ಗಟಾರದ ಬದಿಯಲ್ಲಿ ಧೂಳು ಮೆತ್ತಿಕೊಂಡು ನಿಂತ ಹಸಿರಿಗೆ ಯಾರೂ ಚೀಟಿ ಕಟ್ಟಿರುವುದಿಲ್ಲ. ಹಾಗಾಗಿ ಕಳೆದ ಗುರುವಾರ ಅಜ್ಜ ಕಿತ್ತದ್ದು ಬೇರೆ ಎಲೆ ಎಂದು ನನಗೆ ಅನಿಸಿದಾಗ ಮೊದಲು ಸಂಶಯ ಬಂದದ್ದು ಅಜ್ಜನ ಮೇಲಲ್ಲ, ನನ್ನ ಮೇಲೆ.

ನನ್ನ ಅಜ್ಜ ಕಾಂತಪ್ಪ ಕಾಮಾಲೆಗೆ ಮದ್ದು ಕೊಡುತ್ತಾರೆ. ಗ್ರಾಂಟ್ ರೋಡಿನ ಒಂದು ಉಡುಪಿ ಹೋಟೆಲಿನಲ್ಲಿ ನಲವತ್ತು ವರ್ಷ ದೋಸೆ ಕಲ್ಲಿನ ಮುಂದೆ ನಿಂತವರು. ಆದರೆ ಬೊರಿವಲಿಯಿಂದ ಆಚೆಗೆ ಜನಕ್ಕೆ ಅವರು ಗೊತ್ತಿರುವುದು ದೋಸೆಯಿಂದ ಅಲ್ಲ. ಗುರುವಾರ ಮತ್ತು ಭಾನುವಾರ ಬೆಳಿಗ್ಗೆ ನಮ್ಮ ಮೂರನೇ ಮಾಳಿಗೆಯ ಮನೆಯ ಬಾಗಿಲಲ್ಲಿ ಚಪ್ಪಲಿಗಳು ಬಿದ್ದಿರುತ್ತಿದ್ದವು. ರಿಕ್ಷಾ ಓಡಿಸುವವರು, ಬಾರಿನ ವೇಟರ್‌ಗಳು, ಒಮ್ಮೆ ಒಬ್ಬ ಪೊಲೀಸ್ ಹವಾಲ್ದಾರ. ದುಡ್ಡು ಮುಟ್ಟುವಂತಿಲ್ಲ. ಒಂದು ತೆಂಗಿನಕಾಯಿ, ಎರಡು ವೀಳ್ಯದೆಲೆ, ಅಷ್ಟೇ.

ಮದ್ದು ಅಜ್ಜನಿಗೆ ಬಂದದ್ದು ಸೋದರಮಾವನಿಂದ. ಮಾವ ಕಿವಿಯಲ್ಲಿ ಗಿಡದ ಹೆಸರು ಹೇಳಿದರಂತೆ. ಹೇಳಿದ ದಿನದಿಂದ ಅವರ ಕೈಗುಣ ಹೋಯಿತಂತೆ. ಒಬ್ಬರಿಗೆ ಮಾತ್ರ ಹೇಳಬಹುದು, ಹೇಳಿದವನು ಮತ್ತೆ ಕೊಡಬಾರದು. ಅದಕ್ಕೇ ಅಜ್ಜ ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ, ಅಪ್ಪನಿಗೂ ಇಲ್ಲ, ಮೂವತ್ತೆಂಟು ವರ್ಷ ಅದನ್ನೇ ಅರೆದ ಅಜ್ಜಿಗೂ ಇಲ್ಲ. ಬೆಳಿಗ್ಗೆ ಸ್ನಾನ ಮಾಡಿ, ಬರಿಹೊಟ್ಟೆಯಲ್ಲಿ ಮನೆಯಿಂದ ಹೊರಟರೆ ಕಿತ್ತು ತಂದ ಎಲೆ ಅಜ್ಜಿಯ ಅರೆಯುವ ಕಲ್ಲಿಗೆ ಬೀಳುವ ತನಕ ಒಂದು ಮಾತೂ ಆಡಬಾರದು. ಆಡಿದರೆ ಎಲೆ ಸತ್ತಂತೆ. ಎಸೆದು, ಮರಳಿ ಮನೆಗೆ ಬಂದು, ಇನ್ನೊಮ್ಮೆ ಸ್ನಾನದಿಂದ ಶುರು.

ಮುಂಬಯಿಯಲ್ಲಿ ಬೆಳಿಗ್ಗೆ ಆರು ಗಂಟೆಗೆ ಯಾರೊಂದಿಗೂ ಮಾತಾಡದೆ ಒಂದು ಮೈಲಿ ನಡೆಯುವುದು ಎಷ್ಟು ಕಷ್ಟ ಎಂದು ನಡೆದವರಿಗೇ ಗೊತ್ತು. ವಾಚ್‌ಮನ್ ಕೇಳುತ್ತಾನೆ, ಹಾಲಿನವನು ಕೇಳುತ್ತಾನೆ, ಮೆಟ್ರೋ ಸ್ಟೇಷನ್ನಿನ ಕೆಳಗೆ ಚಾ ಮಾರುವವಳು ‘ಕಾಯ್ ಅಜೋಬಾ’, ಏನಜ್ಜಾ, ಎನ್ನುತ್ತಾಳೆ. ಅಜ್ಜ ತುಟಿಯ ಮೇಲೆ ಬೆರಳಿಟ್ಟು ನಗುತ್ತಾ ಹೋಗುತ್ತಿದ್ದರು. ಕಳೆದ ವರ್ಷ ಒಂದು ಗುರುವಾರ ಅವರು ಹಾಗೆಯೇ ತುಟಿಯ ಮೇಲೆ ಬೆರಳಿಟ್ಟುಕೊಂಡು, ಕೈಯಲ್ಲಿ ಎಲೆಯ ಗಂಟು ಹಿಡಿದು, ಚರ್ಚ್‌ಗೇಟ್ ಲೋಕಲ್ ಹತ್ತಿ ಗ್ರಾಂಟ್ ರೋಡಿನಲ್ಲಿ ಇಳಿದರು. ಹೋಟೆಲು ಎಲ್ಲಿತ್ತೆಂದು ಮರೆತುಹೋಗಿ ಪ್ಲಾಟ್‌ಫಾರ್ಮಿನಲ್ಲೇ ಕುಳಿತರು. ರೈಲ್ವೆ ಪೊಲೀಸರು ಹೆಸರು ಕೇಳಿದರೆ ಬೆರಳು, ಮನೆ ಕೇಳಿದರೆ ಬೆರಳು. ಮೂಗರು ಎಂದುಕೊಂಡು ಕಾಗದ ಪೆನ್ನು ಕೊಟ್ಟರಂತೆ. ಅಜ್ಜ ಅದರಲ್ಲಿ ಬರೆದದ್ದು ‘ಎರಡು ಮಸಾಲೆ, ಒಂದು ಸಾದಾ.’

ಅಪ್ಪ ಹೋಗಿ ಕರೆತಂದರು. ಬೊರಿವಲಿಯ ಡಾಕ್ಟರು ಸ್ಕ್ಯಾನ್ ನೋಡಿ ಡಿಮೆನ್ಷಿಯಾ ಎಂದರು. ಅಂದಿನಿಂದ ಎಲೆಗೆ ಹೋಗುವಾಗ ಅಜ್ಜನ ಜೊತೆಗೆ ಯಾರಾದರೂ ಬೇಕು ಎಂದಾಯಿತು. ಅಪ್ಪ ಈಗಲೂ ಗ್ರಾಂಟ್ ರೋಡಿನ ಹೋಟೆಲಿನಲ್ಲೇ ಮ್ಯಾನೇಜರು; ಐದೂಕಾಲರ ಲೋಕಲಿಗೆ ಹೋದರೆ ಬರುವುದು ರಾತ್ರಿ. ಅಮ್ಮನಿಗೆ ಅಂಧೇರಿಯಲ್ಲಿ ಕೆಲಸ. ಉಳಿದದ್ದು ನಾನು, ಯಕ್ಷಿತಾ. ಎರಡು ವರ್ಷದಿಂದ ಕೆಲಸಕ್ಕೆ ಅರ್ಜಿ ಹಾಕುತ್ತಾ, ಇಂಟರ್‌ವ್ಯೂಗಳಲ್ಲಿ ಸ್ವರ ಹೊರಡದೆ ಮನೆಗೆ ವಾಪಸಾಗುವವಳು. ನನ್ನನ್ನು ಕಳಿಸುವುದೆಂದು ತೀರ್ಮಾನವಾದಾಗ ಅಮ್ಮ ಅಂದಳು, ‘ಇವಳಿಗೆ ಮಾತಾಡಬೇಡ ಅಂತ ಬೇರೆ ಹೇಳ್ಬೇಕಾ? ಹುಟ್ಟಿದಾಗಿನಿಂದ ವ್ರತದಲ್ಲೇ ಇದ್ದಾಳೆ.’ ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಬಾತ್‌ರೂಮಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದೆ.

ನಿಜ ಹೇಳಬೇಕೆಂದರೆ ಆ ಬೆಳಗುಗಳು ಮೊದಲು ನನಗೆ ಇಷ್ಟವಾಗಿದ್ದವು. ಮಾತಾಡದಿರುವುದು ಅಲ್ಲಿ ನನ್ನ ತಪ್ಪಾಗಿರಲಿಲ್ಲ. ನದಿಯ ಬದಿಗೆ ಹೋಗಿ ಅಜ್ಜ ಕುಕ್ಕರುಗಾಲಲ್ಲಿ ಕುಳಿತು, ತನ್ನ ನೆರಳು ಗಿಡದ ಮೇಲೆ ಬೀಳದಂತೆ ಸರಿದು, ನೆಲಕ್ಕೆ ಒತ್ತಿಕೊಂಡು ಹಬ್ಬಿದ ಒಂದು ಸಣ್ಣ ಬಳ್ಳಿಯಿಂದ ಎಲೆ ಬಿಡಿಸುತ್ತಿದ್ದರು. ನಾನು ಬೆನ್ನು ತಿರುಗಿಸಿ ನಿಲ್ಲಬೇಕು. ನಿಲ್ಲುತ್ತಿದ್ದೆ, ಆದರೆ ಓರೆಗಣ್ಣಿಂದ ನೋಡದೆ ಇರುತ್ತಿರಲಿಲ್ಲ. ಮಳೆಗಾಲ ಮುಗಿದ ಮೇಲೆ ನದಿಗೆ ಗೋಡೆ ಕಟ್ಟುವ ಕೆಲಸ ಶುರುವಾಯಿತು. ಆ ಬದಿಯೆಲ್ಲ ಸಿಮೆಂಟಾಯಿತು. ಅಜ್ಜ ಅಲ್ಲಿಗೆ ಹೋಗಿ ಸಿಮೆಂಟನ್ನು ನೋಡಿ, ಸ್ವಲ್ಪ ಹೊತ್ತು ನಿಂತು, ತಿರುಗಿ ನಡೆದು ಬೇರೆ ಎಲ್ಲೋ ಬಗ್ಗಿ ಎಲೆ ಕೀಳತೊಡಗಿದರು. ಬೇರೆ ಜಾಗದಲ್ಲೂ ಅದೇ ಬಳ್ಳಿ ಇರಬಹುದು ಎಂದುಕೊಂಡೆ. ಎಂದುಕೊಳ್ಳುವುದು ನನಗೆ ಬಹಳ ಸುಲಭ.

ಕಳೆದ ಗುರುವಾರ ಅವರು ನದಿಯ ತನಕವೂ ಹೋಗಲಿಲ್ಲ. ಪಕ್ಕದ ಸೊಸೈಟಿಯ ಗೇಟಿನ ಎದುರು ನಿಂತರು. ಅಲ್ಲಿ ಕತ್ತರಿಸಿ ಚೌಕ ಮಾಡಿದ ಬೇಲಿಗಿಡ ಇದೆ, ಹಳದಿ ಹಸಿರು ಎಲೆಯದು, ಮುಂಬಯಿಯ ಎಲ್ಲ ಸೊಸೈಟಿಗಳ ಎದುರೂ ಇರುವಂಥದ್ದು. ಅಜ್ಜ ಅದಕ್ಕೆ ಕೈಮುಗಿದರು. ನೆರಳು ಬೀಳದಂತೆ ಸರಿದರು. ಮೂರು ಬೆರಳಲ್ಲಿ, ಎಂದಿನ ಅದೇ ಭಕ್ತಿಯಲ್ಲಿ ಎಲೆ ಕಿತ್ತು ಬಟ್ಟೆಗೆ ಹಾಕಿಕೊಂಡರು.

ಆ ಗಿಡದ ಹೆಸರು ನನಗೆ ಗೊತ್ತಿತ್ತು, ಪರೀಕ್ಷೆಗೆ ಬಂದದ್ದು. ಹೊಟ್ಟೆಗೆ ತೆಗೆದುಕೊಳ್ಳುವಂಥದ್ದಲ್ಲ ಎಂಬುದೂ ನೆನಪಿತ್ತು. ಆದರೆ ಇದು ಅದೇ ಹೌದಾ? ಅದರ ಹಾಗೆಯೇ ಕಾಣುವ ಇನ್ನೊಂದು ಇರಬಾರದಾ? ಬಾಯಿ ತೆರೆದರೆ ಎಲೆ ಸಾಯುತ್ತದೆ, ಅಜ್ಜ ರೇಗುತ್ತಾರೆ, ಬೀದಿಯಲ್ಲೇ ಕುಳಿತುಬಿಡುತ್ತಾರೆ. ಮನೆಗೆ ಹೋಗಿ ಹೇಳಿದರಾಯಿತು ಎಂದುಕೊಂಡೆ. ಮನೆಗೆ ಬಂದಾಗ ಹೊರಕೋಣೆಯಲ್ಲಿ ಮದ್ದಿಗೆ ಬಂದವರು ಕುಳಿತಿದ್ದರು. ಪರರ ಎದುರು ನನ್ನ ನಾಲಿಗೆ ಏಳುವುದಿಲ್ಲ. ಅಜ್ಜಿ ಬಟ್ಟೆಯನ್ನು ತೆಗೆದುಕೊಂಡು ಅಡಿಗೆಮನೆಗೆ ಹೋದಳು, ಕಲ್ಲಿನ ಶಬ್ದ ಬಂತು, ಹಾಲಿನಲ್ಲಿ ಕದಡಿದ ಹಸಿರು ಲೋಟ ಹೊರಗೆ ಬಂತು. ನಾನು ಬಾಗಿಲ ಪರದೆಯ ಹಿಂದೆ ನಿಂತು ಪರದೆಯ ನೂಲು ಕೀಳುತ್ತಿದ್ದೆ.

ಕುಡಿದವಳು ಶಿವಕುಮಾರಿ. ನನಗಿಂತ ಒಂದೆರಡು ವರ್ಷ ಚಿಕ್ಕವಳೇ ಇರಬೇಕು. ಐದು ತಿಂಗಳ ಬಸುರಿ. ಯಾದಗಿರಿ ಕಡೆಯವರು, ಗಂಡ ಯಲ್ಲಾಲಿಂಗ ಹೈವೇ ಬದಿಯ ಟವರ್ ಕಟ್ಟುವಲ್ಲಿ ಸೆಂಟ್ರಿಂಗ್ ಕೆಲಸಕ್ಕಿದ್ದಾನೆ. ಕರೆತಂದದ್ದು ಅವಳ ಅತ್ತೆ ಹನುಮವ್ವ. ನಾಲ್ಕು ದಿನದಿಂದ ಊಟ ಸೇರುತ್ತಿಲ್ಲ, ಕಣ್ಣು ಅರಿಶಿನ ಹಚ್ಚಿದ ಹಾಗಾಗಿದೆ ಎಂದು ಹನುಮವ್ವ ಹೇಳಿದಳು. ಅಜ್ಜ ಹೆಬ್ಬೆರಳಿಂದ ಶಿವಕುಮಾರಿಯ ಕೆಳರೆಪ್ಪೆ ಎಳೆದು ನೋಡಿ, ಯಾವ ತಡವರಿಕೆಯೂ ಇಲ್ಲದೆ ಪಥ್ಯ ಹೇಳಿದರು: ಉಪ್ಪಿಲ್ಲ, ಎಣ್ಣೆ ಇಲ್ಲ, ಗಂಜಿ ಮಾತ್ರ. ಇವತ್ತೊಂದು, ಭಾನುವಾರ ಒಂದು, ಬರುವ ಗುರುವಾರ ಒಂದು, ಒಟ್ಟು ಮೂರು ಸಲ. ನಡುವೆ ಬೇರೆ ಯಾವ ಮದ್ದೂ ಕೂಡದು. ಎರಡು ಮದ್ದು ಒಂದು ಹೊಟ್ಟೆಯಲ್ಲಿ ಜಗಳಾಡುತ್ತವೆ. ತನ್ನ ಮಗನ ಹೆಸರು ಮರೆತವರು ಇದನ್ನು ಒಂದಕ್ಷರ ಬಿಡದೆ ಹೇಳುತ್ತಾರೆ.

ಹೊರಡುವಾಗ ಅಜ್ಜಿ ಬಾಗಿಲ ತನಕ ಹೋಗಿ, ಆಸ್ಪತ್ರೆಗೂ ಒಮ್ಮೆ ತೋರಿಸಿ, ಬಸುರಿ ಅಲ್ವಾ ಎಂದು ಮೆಲ್ಲಗೆ ಹೇಳಿದ್ದು ನನಗೆ ಕೇಳಿಸಿತು. ಆಗ ಅದರ ಅರ್ಥ ಆಗಲಿಲ್ಲ.

ಮೂರು ದಿನ ನಾನು ಮೊಬೈಲಿನಲ್ಲಿ ಎಲೆಗಳ ಚಿತ್ರ ನೋಡಿದೆ. ನೋಡಿದಷ್ಟೂ ಎಲ್ಲವೂ ಒಂದೇ ಥರ ಕಂಡವು. ಶುಕ್ರವಾರ ಸಂಜೆ ಧೈರ್ಯ ಮಾಡಿ ಅಪ್ಪನಿಗೆ ಫೋನು ಮಾಡಿದೆ. ಹಿಂದೆ ತಟ್ಟೆಗಳ ಸದ್ದು. ಅಜ್ಜನ ವಿಷಯ ಸ್ವಲ್ಪ ಮಾತಾಡಬೇಕಿತ್ತು ಎಂದೆ. ಬಿದ್ದರಾ ಎಂದು ಕೇಳಿದರು. ಇಲ್ಲ ಎಂದೆ. ಮನೆಯಲ್ಲೇ ಇದ್ದಾರಾ? ಇದ್ದಾರೆ. ಊಟ ಮಾಡಿದರಾ? ಮಾಡಿದರು. ‘ಮತ್ತೆ ಸರಿ ಉಂಟಲ್ಲ ಎಲ್ಲ, ಭಾನುವಾರ ಮಾತಾಡುವ’ ಎಂದು ಫೋನು ಇಟ್ಟರು. ಅಪ್ಪನಿಗೆ ಭಾನುವಾರ ರಜೆ ಇಲ್ಲ. ಅದು ಅವರಿಗೂ ಗೊತ್ತು.

ನಮ್ಮ ಮನೆಯಲ್ಲಿ ಯಾವುದನ್ನೂ ಯಾರೂ ಹೇಳುವುದಿಲ್ಲ. ಈ ಸಿಟ್ಟು ನನ್ನ ಮೇಲೋ ಅವರ ಮೇಲೋ ಗೊತ್ತಾಗುವುದಿಲ್ಲ. ಅಜ್ಜ ಅಂಗಿಯ ಮೇಲೆ ಅಂಗಿ, ಅದರ ಮೇಲೆ ಇನ್ನೊಂದು ಅಂಗಿ ತೊಟ್ಟು ಡ್ಯೂಟಿಗೆ ಹೊತ್ತಾಯಿತು ಎಂದು ಬಾಗಿಲು ಬಡಿಯುತ್ತಿದ್ದರೆ ಅಜ್ಜಿ ಇವತ್ತು ಹೋಟೆಲಿಗೆ ರಜೆ ಎನ್ನುತ್ತಾಳೆ. ಅವರು ಬಾಲ್ಕನಿಯ ಕುಂಡಕ್ಕೆ ಮೂತ್ರ ಮಾಡಿದರೆ ನೀರು ಸುರಿದು ತೊಳೆದು, ಗಿಡಕ್ಕೂ ಒಳ್ಳೆಯದೇ ಎನ್ನುತ್ತಾಳೆ. ಸ್ನಾನದ ಕೋಣೆಯಲ್ಲಿ ಅವರು ತಂಬಿಗೆ ಎಸೆದದ್ದು ತಾಗಿ ಅವಳ ಹಣೆ ಬಾತುಕೊಂಡಾಗ ಬಂದವರಿಗೆಲ್ಲ ಕಪಾಟಿನ ಬಾಗಿಲು ತಾಗಿತು ಎಂದಳು. ಎಪ್ಪತ್ತೆರಡು ವರ್ಷದವಳು, ಮಂಡಿ ನೋವಿನವಳು, ದಿನಕ್ಕೆ ಮೂರು ಸಲ ಅವರ ಪಂಚೆ ಒಗೆಯುತ್ತಾಳೆ.

ಡಾಕ್ಟರ ಮಾತ್ರೆ ಕೊಡುತ್ತಾಳೆ, ಅದರ ಮೇಲೆ ತನಗೆ ಗೊತ್ತಿದ್ದದ್ದನ್ನೂ ಮಾಡುತ್ತಾಳೆ. ಬೆಳಿಗ್ಗೆ ಒಂದೆಲಗದ ಚಟ್ನಿ. ಬಜೆಯನ್ನು ತೇದು ನಾಲಿಗೆಗೆ. ನೆತ್ತಿಗೆ ಎಣ್ಣೆ. ಅಜ್ಜ ಚಟ್ನಿಯನ್ನು ಬಾಯಿಂದ ಹೊರಗೆ ತಳ್ಳಿ, ಇದನ್ನು ಮಾಡಿದ ಭಟ್ಟ ಯಾರು, ಅವನನ್ನು ಕೆಲಸದಿಂದ ತೆಗೀರಿ ಎನ್ನುತ್ತಾರೆ. ಅಜ್ಜಿ ಗಲ್ಲ ಒರೆಸಿ ಮತ್ತೊಂದು ತುತ್ತು ಇಡುತ್ತಾಳೆ. ಒಮ್ಮೆ ನಾನು, ಇದರಿಂದ ಏನಾದರೂ ಉಪಯೋಗ ಉಂಟಾ ಅಜ್ಜಿ ಎಂದು ಕೇಳಿದ್ದೆ. ‘ಇವರಿಗೆ ಆಗದಿದ್ದರೆ ಅರೆಯುವ ನನಗೆ ಆಯಿತು’ ಎಂದಳು.

ಅಜ್ಜನಿಗೆ ಅವಳ ಗುರುತಿಲ್ಲ. ವಾರದ ಐದು ದಿನ ಅವರ ಲೆಕ್ಕದಲ್ಲಿ ಅವಳು ಮದ್ದಿಗೆ ಬಂದ ಯಾರೋ ಹೆಂಗಸು. ಶನಿವಾರ ಮಧ್ಯಾಹ್ನ ಅವಳು ಅವರ ಕಾಲುಗುರು ಕತ್ತರಿಸುತ್ತಿದ್ದಾಗ ಅವರು ಬಗ್ಗಿ ಅವಳ ಕೆಳರೆಪ್ಪೆಯನ್ನು ಹೆಬ್ಬೆರಳಲ್ಲಿ ಎಳೆದು ನೋಡಿದರು. ‘ಹಳದಿ ಏನೂ ಇಲ್ಲ ಅಮ್ಮ. ನೀವು ಮನೆಗೆ ಹೋಗಿ. ಮನೆಯಲ್ಲಿ ಕಾಯ್ತಾ ಇರಬಹುದು’ ಎಂದರು. ಅಜ್ಜಿ, ಆಯಿತು, ಹೋಗ್ತೇನೆ ಎಂದು ಎದ್ದು ಅಡಿಗೆಮನೆಗೆ ಹೋದಳು. ನಲ್ಲಿ ಬಿಟ್ಟಳು. ನಲ್ಲಿ ಬಹಳ ಹೊತ್ತು ಹರಿಯಿತು, ಪಾತ್ರೆಯ ಸದ್ದು ಮಾತ್ರ ಬರಲಿಲ್ಲ.

ಭಾನುವಾರ ಬೆಳಿಗ್ಗೆ ಅಜ್ಜ ಎದ್ದಾಗಲೇ ಬೇರೆ ಮನುಷ್ಯ. ಮದ್ದಿನ ದಿನಗಳಲ್ಲಿ ಹಾಗೆಯೇ. ಅಜ್ಜಿ ಬಿಳಿ ಪಂಚೆ ತೆಗೆದಿಟ್ಟರೆ ಸಾಕು, ಕೈಕಾಲು ತಾನಾಗಿಯೇ ನೆನಪಿಸಿಕೊಳ್ಳುತ್ತವೆ. ಒಂದೇ ಅಂಗಿ, ಸರಿಯಾದ ಗುಂಡಿ. ನಾವು ಹೊರಟೆವು. ಈ ಸಲ ಅವರು ಬೇಲಿಗಿಡವನ್ನು ನೋಡಲೂ ಇಲ್ಲ. ಮೆಟ್ರೋ ಕಂಬದ ಬುಡದಲ್ಲಿ ಪಾಲಿಕೆಯವರು ನೆಟ್ಟ ಕೆಂಪು ಹಸಿರು ಪಟ್ಟೆಯ ಅಲಂಕಾರದ ಗಿಡ ಇದೆ. ಅದರ ಎದುರು ನಿಂತು ಕೈಮುಗಿದರು. ನಾನು ಬೆನ್ನು ತಿರುಗಿಸಲಿಲ್ಲ. ನೇರ ನೋಡಿದೆ. ಗುರುವಾರದ ಎಲೆ ಬೇರೆ, ಭಾನುವಾರದ ಎಲೆ ಬೇರೆ. ಎರಡೂ ನದಿಬದಿಯ ಬಳ್ಳಿಯದಲ್ಲ. ಇದಕ್ಕೆ ಬಾಟನಿ ಬೇಕಾಗಿರಲಿಲ್ಲ. ದಾರಿಯುದ್ದಕ್ಕೂ ನಾನು ಮನಸ್ಸಿನಲ್ಲೇ ವಾಕ್ಯ ಜೋಡಿಸುತ್ತಾ ಬಂದೆ, ಇಂಟರ್‌ವ್ಯೂಗೆ ಹೋಗುವಾಗ ಜೋಡಿಸುವ ಹಾಗೆ. ಮೆಟ್ಟಿಲು ಹತ್ತುವಷ್ಟರಲ್ಲಿ ಎಲ್ಲ ಕಳಚಿಕೊಂಡಿತು.

ಹನುಮವ್ವ ಆಗಲೇ ಬಂದಿದ್ದಳು. ಶಿವಕುಮಾರಿ ಗೋಡೆಗೆ ಒರಗಿ ಕುಳಿತಿದ್ದಳು, ಕುಳಿತದ್ದಕ್ಕಿಂತ ಜಾರಿದ್ದು ಹೆಚ್ಚು. ಗುರುವಾರ ಕಣ್ಣು ಮಾತ್ರ ಹಳದಿಯಿತ್ತು. ಈಗ ಕುತ್ತಿಗೆ, ಅಂಗೈ ಎಲ್ಲ. ಅಜ್ಜ ಕೈಕಾಲು ತೊಳೆಯಲು ಒಳಗೆ ಹೋದರು. ಅಜ್ಜಿ ಎಲೆಯ ಬಟ್ಟೆ ತೆಗೆದುಕೊಂಡು, ಈಗ ಹೇಗೆ ಎಂದು ಶಿವಕುಮಾರಿಯನ್ನು ಕೇಳಿದಳು. ಅವಳು ಕಣ್ಣು ತೆರೆದು ನೋಡಿ, ಬಸ್ಸು ಬಂತಾ ಎಂದು ಕೇಳಿ ಮತ್ತೆ ಮುಚ್ಚಿದಳು.

‘ನಿನ್ನೆಯಿಂದ ಹಿಂಗೇ ನಿದ್ದಿಗಣ್ಣಾಗ ಅದಾಳ್ರಿ’ ಎಂದಳು ಹನುಮವ್ವ. ‘ನನ್ನ ಮಗ ಹೆದರಿ ದವಾಖಾನಿಗಿ ಒಯ್ದಿದ್ದ. ಅಲ್ಲಿ ಡಾಕ್ಟರಮ್ಮ ಈಗಿಂದೀಗ ಅಡ್ಮಿಟ್ ಮಾಡ್ರಿ, ತಾಯಿಗೂ ತ್ರಾಸ ಅದ, ಕೂಸಿಗೂ ತ್ರಾಸ ಅದ ಅಂದ್ಳು. ನಾ ಒಲ್ಲೆ ಅಂದೆ. ಮೂರು ಸಲದ ಮದ್ದು ಮುಗಿಯೂ ತನ ಬ್ಯಾರೆ ಔಷಧ ಮುಟ್ಟಬ್ಯಾಡ ಅಂತ ಅಜ್ಜಾರು ಹೇಳ್ಯಾರ. ಸಹಿ ಮಾಡಿಕೊಟ್ಟು ಕರಕೊಂಡು ಬಂದೀನಿ.’

ಅಜ್ಜಿಯ ಮುಖ ಬಿಳುಚಿಕೊಂಡಿತು. ನಾನು ಹೇಳಿದ್ದೆನಲ್ಲ, ತೋರಿಸಿ ಅಂತ ಎಂದಳು.

‘ಹೇಳಿದ್ರಿ ಖರೆ. ನೀವು ನಮ್ಮ ನಂಬಿಕಿ ಎಷ್ಟದ ಅಂತ ನೋಡ್ಲಿಕ್ಕಿ ಹೇಳೀರಿ ಅಂತ ನನಗ ಗೊತ್ತಾಗಲ್ಲೇನ್ರಿ?’ ಹನುಮವ್ವ ಪರೀಕ್ಷೆಯಲ್ಲಿ ಪಾಸಾದವಳಂತೆ ನಕ್ಕಳು. ‘ಹಿಂದಿನ ವರ್ಷ ನಮ್ಮ ಮೇಸ್ತ್ರಿ ಮರೆಪ್ಪನ ಕಾಮಣಿ ಇದೇ ಕೈಯಿಂದ ಇಳಿದದ. ನಾ ಯಾಕ ಹೆದರಲಿ.’

ಅಜ್ಜಿ ಎಲೆಯ ಬಟ್ಟೆ ಹಿಡಿದು ಅಡಿಗೆಮನೆಗೆ ಹೋದಳು. ಹಿಂದೆಯೇ ನಾನು. ಎಂದೂ ಮಾಡದ ಕೆಲಸ. ಅರೆಯುವಾಗ ಅಡಿಗೆಮನೆಗೆ ಯಾರೂ ಹೋಗಬಾರದು. ಅವಳು ನನ್ನನ್ನು ನೋಡಿದಳು, ಬೇಡ ಎನ್ನಲಿಲ್ಲ. ಬಟ್ಟೆ ಬಿಚ್ಚಿ ಪಟ್ಟೆಯ ಎಲೆಗಳನ್ನು ಒಮ್ಮೆ ಮೂಸಿ, ಸಿಂಕಿನ ಕೆಳಗಿನ ಕಸದ ಡಬ್ಬಿಗೆ ಸುರಿದಳು. ಆಮೇಲೆ ಕಿಟಕಿಯ ಕುಂಡದಿಂದ ನಾಲ್ಕು ದೊಡ್ಡಪತ್ರೆ ಎಲೆ ಕಿತ್ತಳು, ಒಂದು ಚಿಟಿಕೆ ಜೀರಿಗೆ ತೆಗೆದಳು, ಕಲ್ಲಿನ ಮೇಲಿಟ್ಟು ಅರೆಯಲು ಕುಳಿತಳು.

ಮೊದಲು ನನಗೆ ಆದದ್ದು ಸಮಾಧಾನ. ಹಾಗಾದರೆ ಗುರುವಾರ ಶಿವಕುಮಾರಿ ಬೇಲಿಗಿಡ ಕುಡಿಯಲಿಲ್ಲ. ಆ ಸಮಾಧಾನದ ಬೆನ್ನಿಗೇ ಸಿಟ್ಟು ಬಂತು, ಅಂಥ ಸಿಟ್ಟು ನನಗೆ ಬರುತ್ತದೆ ಎಂದೇ ನನಗೆ ಗೊತ್ತಿರಲಿಲ್ಲ. ಎಷ್ಟು ದಿನದಿಂದ ಎಂದು ಕೇಳಿದೆ.

ದೀಪಾವಳಿಯಿಂದ ಎಂದಳು. ನದಿಗೆ ಗೋಡೆ ಕಟ್ಟಿದ ಮೇಲೆ ಸರಿಯಾದ ಎಲೆ ಒಮ್ಮೆಯೂ ಬಂದಿಲ್ಲ. ಹೆಸರು ತನಗೆ ಗೊತ್ತಿಲ್ಲ, ಆದರೆ ವಾಸನೆ ಅಂಗೈಯಲ್ಲೇ ಉಂಟು, ಸುಳ್ಳು ಎಲೆ ತನಗೆ ಮೋಸ ಮಾಡಲಾರದು. ಬಂದವರಿಗೆ ಕೆಟ್ಟದ್ದೇನೂ ತಾನು ಕೊಟ್ಟಿಲ್ಲ. ಕಾಮಾಲೆ ಎಷ್ಟೋ ಸಲ ಪಥ್ಯದಲ್ಲೇ ಇಳಿಯುತ್ತದೆ, ವಿಶ್ರಾಂತಿಯಲ್ಲೇ ಇಳಿಯುತ್ತದೆ. ಎಲ್ಲರಿಗೂ ಆಸ್ಪತ್ರೆಗೆ ತೋರಿಸಿ ಎಂದೇ ತಾನು ಹೇಳಿ ಕಳಿಸುವುದು. ಇದನ್ನೆಲ್ಲ ಅವಳು ಕಲ್ಲನ್ನು ನೋಡುತ್ತಲೇ ಹೇಳಿದಳು, ಬಹಳ ದಿನದಿಂದ ಹೇಳಲು ಸಿದ್ಧ ಮಾಡಿಟ್ಟುಕೊಂಡವಳ ಹಾಗೆ.

ತೋರಿಸಿದರೆ ಸಾಕಾ ಅಜ್ಜಿ ಎಂದೆ. ಶಿವಕುಮಾರಿ ತೋರಿಸಿಯೂ ವಾಪಸು ಬಂದಿದ್ದಾಳೆ.

ಅಜ್ಜಿಯ ಕೈ ನಿಂತಿತು. ಹೊರಗೆ ಬಾತ್‌ರೂಮಿನ ಬಾಗಿಲು ತೆರೆದ ಶಬ್ದ ಕೇಳಿತು. ಅಜ್ಜ ಪಂಚೆ ಕೊಡವುತ್ತಾ ಬರುತ್ತಿದ್ದರು. ಹೊಸಿಲ ಆಚೆ ನಿಂತು, ಒಳಗೆ ಬರಬಾರದೆಂಬ ನಿಯಮ ಮುರಿಯದೆ, ಗಟ್ಟಿ ಸ್ವರದಲ್ಲಿ ಕರೆದರು.

‘ಅಕ್ಕು, ಕಲ್ಲು ತೊಳೆದೆಯಾ?’

ಅಜ್ಜಿಯ ಹೆಸರು ಅಕ್ಕು. ಈ ಮನೆಯಲ್ಲಿ ಆ ಹೆಸರಿಂದ ಅವಳನ್ನು ಕರೆಯುವವರು ಒಬ್ಬರೇ.

‘ತೊಳೆದೆ’ ಎಂದಳು ಅಜ್ಜಿ. ಆ ಒಂದು ಮಾತಿಗೆ ಅವಳ ಸ್ವರ ನನ್ನ ವಯಸ್ಸಿನವಳದಾಯಿತು.

‘ಹಾಲು ಹೆಚ್ಚು ಬಿಸಿ ಮಾಡಬೇಡ. ನಿನಗೆ ಯಾವಾಗಲೂ ಗಡಿಬಿಡಿ.’

‘ಇಲ್ಲ, ಮಾಡುವುದಿಲ್ಲ.’

ಅಜ್ಜ ತೃಪ್ತಿಯಿಂದ ಹೊರಕೋಣೆಗೆ ಹೋದರು. ಅಜ್ಜಿ ಈಗ ನನ್ನ ಕಡೆ ತಿರುಗಿದಳು. ಕಣ್ಣಲ್ಲಿ ನೀರಿರಲಿಲ್ಲ. ನಾವು ಮನೆಯಲ್ಲಿ ಆಡುವ ತುಳುವಿನಲ್ಲಿ, ಪಿಸುದನಿಯಲ್ಲಿ ಅವಳು ಹೇಳಿದ್ದನ್ನು ನನ್ನ ಕನ್ನಡಕ್ಕೆ ತಂದರೆ ಹೀಗಾಗುತ್ತದೆ: ‘ವಾರಕ್ಕೆ ಎರಡು ಸಲ. ಅಷ್ಟೇ ಮಗಾ ನನಗೆ ಉಳಿದದ್ದು. ಯಾರೂ ಮದ್ದಿಗೆ ಬಾರದಿದ್ದರೆ ಕಲ್ಲು ತೊಳೆಯುವ ಮಾತು ಎಲ್ಲಿಂದ ಬರಬೇಕು? ಕಲ್ಲಿನ ಮಾತು ಬಾರದಿದ್ದರೆ ನನ್ನ ಹೆಸರು ಎಲ್ಲಿಂದ ಬರಬೇಕು?’

ಅವಳ ಮೇಲೆ ಸಿಟ್ಟು ಮಾಡಲು ಹೋದರೆ ಅವಳ ಹಣೆಯ ಬಾವು ಕಾಣುತ್ತದೆ. ಅಜ್ಜನ ಮೇಲೆ ಮಾಡೋಣ ಎಂದರೆ ಅಲ್ಲಿ ಸಿಟ್ಟು ತಾಗುವ ಮನುಷ್ಯನೇ ಇಲ್ಲ. ಅಪ್ಪ ಹೋಟೆಲಿನಲ್ಲಿ, ಅಮ್ಮ ಓವರ್‌ಟೈಮಿನಲ್ಲಿ. ಗೋಡೆ ಕಟ್ಟಿದವರು ಗೋಡೆ ಕಟ್ಟಿ ಹೋದರು. ಒಬ್ಬ ಹೆಂಗಸಿಗೆ ತನ್ನ ಹೆಸರು ಕೇಳಿಸಲೆಂದು ಇನ್ನೊಬ್ಬಳು ದೊಡ್ಡಪತ್ರೆಯ ಹಾಲು ಕುಡಿದು ನಿದ್ದೆಹೋಗಬೇಕಾ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಅಜ್ಜಿಗೆ ಅದು ಗೊತ್ತಿಲ್ಲದ ಪ್ರಶ್ನೆಯಲ್ಲ. ಅವಳು ಅರೆದದ್ದನ್ನು ಬೆರಳಲ್ಲಿ ಬಳಿದು ಲೋಟಕ್ಕೆ ಹಾಕುವಾಗ ಅರ್ಧ ನೆಲಕ್ಕೆ ಬಿತ್ತು.

ಇವರನ್ನು ಹೇಗಾದರೂ ಈಗಲೇ ಆಸ್ಪತ್ರೆಗೆ ಕಳಿಸು, ಬೇರೆ ಏನೂ ಹೇಳುವುದು ಬೇಡ ಎಂದೆ. ಏನೆಂದು ಕಳಿಸಲಿ ಎಂದಳು. ಗುರುವಾರ ಹೇಳಿ ನೋಡಿದ್ದಾಯಿತು. ಇವತ್ತು ಹೇಳಿದರೆ ಆ ಅತ್ತೆ ಇನ್ನೂ ಗಟ್ಟಿಯಾಗಿ ಕೂರುತ್ತಾಳೆ. ಅಜ್ಜನ ಮಾತು ಅಜ್ಜನೇ ಹಿಂದೆ ತೆಗೆದುಕೊಳ್ಳಬೇಕು, ಅವರು ತೆಗೆದುಕೊಳ್ಳುವುದಿಲ್ಲ. ಇಲ್ಲದಿದ್ದರೆ ಇದ್ದದ್ದು ಇದ್ದ ಹಾಗೆ ಹೇಳಬೇಕು. ‘ಅದು ನನ್ನ ಬಾಯಿಂದ ಬರುವುದಿಲ್ಲ’ ಎಂದಳು ಅಜ್ಜಿ. ಲೋಟವನ್ನು ಕೈಯಲ್ಲಿ ಹಿಡಿದು ನಿಂತಳು. ಕೊಡುವವಳ ಹಾಗೂ ಇರಲಿಲ್ಲ, ಚೆಲ್ಲುವವಳ ಹಾಗೂ ಇರಲಿಲ್ಲ.

‘ಅಕ್ಕು’ ಎಂದು ಹೊರಗಿನಿಂದ ಮತ್ತೆ ಕೂಗು. ‘ಬಂದವರು ಕಾಯ್ತಾ ಇದ್ದಾರೆ.’

ಎರಡನೇ ಸಲ. ಅಜ್ಜಿಯ ಕಾಲು ತಾನಾಗಿ ಮುಂದೆ ಹೋಯಿತು. ನಾನು ಹಿಂದೆ ಹೋದೆ.

ಹೊರಕೋಣೆಯಲ್ಲಿ ಅಜ್ಜ ಪೂರ್ವಕ್ಕೆ ಮುಖ ಮಾಡಿ ಮಣೆಯ ಮೇಲೆ ಕುಳಿತಿದ್ದರು. ಬೆನ್ನು ನೆಟ್ಟಗೆ. ದೋಸೆ ಕಲ್ಲಿನ ಮುಂದೆ ಕೂಡ ಹೀಗೆಯೇ ನಿಲ್ಲುತ್ತಿದ್ದರಂತೆ, ಅಪ್ಪ ಹೇಳುತ್ತಾರೆ. ಹನುಮವ್ವ ಸೊಸೆಯ ಗಲ್ಲ ತಟ್ಟುತ್ತಾ, ಏಳವ್ವ, ಮದ್ದು ಬಂತು ಎನ್ನುತ್ತಿದ್ದಳು. ಶಿವಕುಮಾರಿ ಏಳಲಿಲ್ಲ. ಅವಳ ಒಂದು ಕೈ ಹೊಟ್ಟೆಯ ಮೇಲಿಂದ ಜಾರಿ ನೆಲಕ್ಕೆ ಬಿತ್ತು, ಅಂಗೈ ಮೇಲಾಗಿ. ಹಳದಿ ಅಂಗೈ. ಗೋರಂಟಿ ಹಚ್ಚಿ ಅರ್ಧ ಅಳಿಸಿಹೋದ ಗುರುತು ಅದರಲ್ಲಿತ್ತು. ಹನುಮವ್ವ ಆ ಕೈಯನ್ನು ಎತ್ತಿ ಮತ್ತೆ ಹೊಟ್ಟೆಯ ಮೇಲಿಟ್ಟಳು. ಮತ್ತೆ ಜಾರಿತು. ಆಗ ಮೊದಲ ಬಾರಿಗೆ ಅವಳ ಮುಖದ ನಗು ಹೋಯಿತು. ಅಜ್ಜನನ್ನು ನೋಡಿ, ಹಿಂಗ ಆಗ್ತದೇನ್ರಿ ಅಜ್ಜಾರ, ಮದ್ದು ಇಳಿಯುವಾಗ ಎಂದು ಕೇಳಿದಳು.

‘ಆಗ್ತದೆ’ ಎಂದರು ಅಜ್ಜ. ‘ಕುಡಿಸಿ.’ ಎಷ್ಟು ಭರವಸೆಯ ಸ್ವರ ಅದು. ಆ ಸ್ವರ ಕೇಳಿದರೆ ನಾನೇ ಕುಡಿಯುತ್ತಿದ್ದೆ.

ಅಜ್ಜ ಅಜ್ಜಿಯ ಕೈಯಿಂದ ಲೋಟ ತೆಗೆದುಕೊಂಡು, ಕಣ್ಣು ಮುಚ್ಚಿ, ತುಟಿಯಲ್ಲಿ ಏನೋ ಹೇಳಿಕೊಂಡು, ಹನುಮವ್ವನ ಕಡೆ ಚಾಚಿದರು. ಹನುಮವ್ವ ಎರಡು ಕೈ ಒಡ್ಡಿದಳು. ಅಜ್ಜಿ ನನ್ನನ್ನು ನೋಡಿದಳು. ತಡೆ ಎಂದೋ ಬೇಡ ಎಂದೋ ಆ ನೋಟದಲ್ಲಿ ನನಗೆ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ.

ನಾನು ನಡುವೆ ಹೋಗಿ ಲೋಟದ ಮೇಲೆ ಅಂಗೈ ಇಟ್ಟೆ. ಹಾಲು ಬಿಸಿಯಿತ್ತು. ಅಜ್ಜ ನನ್ನನ್ನು ಯಾರೆಂದು ತಿಳಿಯದೆ ದಿಟ್ಟಿಸಿದರು. ಯಾಕವ್ವ ಎಂದಳು ಹನುಮವ್ವ. ಯಾವ ಭಾಷೆಯಲ್ಲಿ ಹೇಳಬೇಕೆಂಬುದೇ ಒಂದು ಕ್ಷಣ ಮರೆತುಹೋಯಿತು.

‘ಇದರಲ್ಲಿ ಮದ್ದಿಲ್ಲ’ ಎಂದೆ. ‘ನಮ್ಮ ಅಜ್ಜನಿಗೆ ಎಲೆ ಮರೆತುಹೋಗಿದೆ.’